ಏಳು ಸಲ ನಿಂತ ಡ್ರೈವರ್

“ಬಸ್ ರೀಸೆಟ್ ಆದಾಗ ಚಲೋ ಡ್ರೈವರ್ ಏನ್ ಮಾಡಬೇಕ್ರೀ ಸರ? ನಿಂತು ದೂರು ಹೇಳಬೇಕೋ, ಇಲ್ಲಾ ಯಾರಿಗೂ ಗೊತ್ತಾಗದಂಗ ಸಂಭಾಳಿಸ್ಕೊಂಡು ಮುಂದ ಹೋಗಬೇಕೋ?”

ಪಂಚಾಕ್ಷರಿ ಇದನ್ನು ಗೊತ್ತಿಲ್ಲದೆ ಕೇಳಿದ್ದಲ್ಲ. ಉತ್ತರವನ್ನು ಕಿಸೆಯಲ್ಲಿ ಇಟ್ಟುಕೊಂಡೇ ಬಂದಿದ್ದ. ಅವನು ಬರೆದ ಡ್ರೈವರ್ ನಾಲ್ಕು ಊರಿನ ಗ್ರಂಥಾಲಯಗಳಲ್ಲಿ ಎರಡು ವರ್ಷದಿಂದ ಓಡುತ್ತಿತ್ತು. ರೀಸೆಟ್ ಎಷ್ಟು ಸಲ ಆದರೂ ಅದು ನಿಂತಿರಲಿಲ್ಲ, ಯಾರೂ ಬಾಯಿ ತೆರೆದು ಒಂದು ಮಾತು ಅಂದಿರಲಿಲ್ಲ. ಡ್ರೈವರ್ ಬರೆಯುವುದನ್ನು ಕಲಿಸಿದ ಗುರುವಿನಿಂದಲೇ ಒಂದು ಶಾಭಾಸ್‌ಗಿರಿ ಪಡೆಯೋಣ ಎಂದು ಧಾರವಾಡಕ್ಕೆ ಬಂದಿದ್ದ.

ಗುರುಗಳೆಂದರೆ ವಿರೂಪಾಕ್ಷ ಮಾಸ್ತರರು. ಮೂವತ್ತು ವರ್ಷ ಈ ಒಂದೇ ವಿದ್ಯೆಯನ್ನು ಕಲಿಸಿದವರು. ಶಿಷ್ಯರ ಪ್ರಶ್ನೆಗೆ ನೇರ ಉತ್ತರ ಕೊಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಕತೆಗೆ ಹೋಗುವ ಮೊದಲು ಒಂದು ಮಾತು. ಈ ಬಸ್ಸು ಸ್ಟ್ಯಾಂಡಿಗೆ ಬರುವ ಬಸ್ಸಲ್ಲ, ಈ ಡ್ರೈವರಿಗೆ ಖಾಕಿ ಅಂಗಿಯೂ ಇಲ್ಲ. ಕಂಪ್ಯೂಟರಿಗೆ ಜೋಡಿಸಿದ ಹಲವು ಯಂತ್ರಗಳು ಒಂದೇ ತಂತಿಯ ದಾರಿಯಲ್ಲಿ ಮಾತಾಡುತ್ತವೆ. ಆ ದಾರಿಗೆ ಬಸ್ ಎಂದು ಹೆಸರು. ಒಂದೊಂದು ಯಂತ್ರದ ಭಾಷೆ ಬಲ್ಲ ಒಂದೊಂದು ಪುಟ್ಟ ತಂತ್ರಾಂಶ ಕರ್ನಲ್ ಎಂಬ ಒಳಮನೆಯಲ್ಲಿ ಕೂತು ಅದರಿಂದ ಕೆಲಸ ಮಾಡಿಸುತ್ತದೆ. ಅದು ಡ್ರೈವರ್. ಯಾವುದಾದರೂ ಯಂತ್ರ ಮೊಂಡು ಹಿಡಿದು ಉತ್ತರ ಕೊಡದೆ ಕೂತರೆ, ಅದರ ಡ್ರೈವರ್ ಕೊನೆಯ ಉಪಾಯವಾಗಿ ಇಡೀ ದಾರಿಗೇ ರೀಸೆಟ್ ಎಂದು ಕೂಗು ಹಾಕುತ್ತದೆ. ಆಗ ಮೊಂಡು ಹಿಡಿದದ್ದಷ್ಟೇ ಅಲ್ಲ, ಆ ದಾರಿಯಲ್ಲಿರುವ ಪಾಪದ ಯಂತ್ರಗಳೂ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಅಲ್ಲಿಯತನಕ ಕೇಳಿದ್ದನ್ನೆಲ್ಲ ಮರೆತು, ಹೊಸದಾಗಿ ಎದ್ದು ಕೂರುತ್ತವೆ. ಮಾಡದ ತಪ್ಪಿಗೆ ನೆರೆಮನೆಯವರಿಗೂ ಸ್ನಾನ ಮಾಡಿಸಿದ ಹಾಗೆ.

ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೂಡು ತಮ್ಮಾ. ಒಂದು ಕತಿ ಐತಿ,” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಡ್ರೈವರ್ ಬರೆಯುವ ಒಬ್ಬಾಕೆ ಇದ್ದಳು. ಹತ್ತು ಜನ ಕೆಲಸ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವಳಿಗೆ ಒಂದು ಮೇಜು, ಒಂದು ಕಿಟಕಿ. ಟೇಪು ಯಂತ್ರಗಳ ಡ್ರೈವರ್ ಬರೆಯುವುದರಲ್ಲಿ ಆಕೆಯನ್ನು ಮೀರಿಸಿದವರು ಸುತ್ತ ಯಾರೂ ಇರಲಿಲ್ಲ. ಇದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಒಬ್ಬನೇ ಒಬ್ಬ ದೂರು ಹಿಡಿದು ಅವಳ ಬಾಗಿಲಿಗೆ ಬಂದಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಎದುರಿಗೆ ಕೂರಿಸಿಕೊಂಡು, ಒಳಗೆ ಡ್ರೈವರ್ ಇದೆ ಎಂದೇ ಜನಕ್ಕೆ ತಿಳಿಯಬಾರದು, ಅದು ಒಳ್ಳೆಯ ಡ್ರೈವರಿನ ಗುರುತು ಎಂದು ಪಾಠ ಹೇಳುತ್ತಿದ್ದಳು.

ಟೇಪು ಯಂತ್ರಗಳಿಗೆ ಒಂದು ಪದ್ಧತಿ ಇದೆ. ರೀಸೆಟ್ ಆಗಿ ಎದ್ದ ಮೇಲೆ, ಮೊದಲು ಯಾವ ಆಜ್ಞೆ ಬಂದರೂ ಅವು ಮಾಡುವುದಿಲ್ಲ. “ನನಗೆ ರೀಸೆಟ್ ಆಗಿದೆ” ಎಂದು ಒಂದು ಸಲ ಹೇಳುತ್ತವೆ. ಅದೇ ಆಜ್ಞೆಯನ್ನು ಎರಡನೆಯ ಸಲ ಕೊಟ್ಟರೆ ತುಟಿ ಪಿಟಕ್ಕೆನ್ನದೆ ಮಾಡುತ್ತವೆ. ಆಕೆ ಇದನ್ನು ಯಂತ್ರದ ಗೊಣಗಾಟ ಎಂದು ತಿಳಿದಿದ್ದಳು. ಹಾಗಾಗಿ ಆ ಮಾತು ಕೇಳಿಬಂದರೆ ಅಲ್ಲೇ ನುಂಗಿ, ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಡುವ ಒಂದು ಸಾಲನ್ನು ಡ್ರೈವರಿನಲ್ಲಿ ಬರೆದಿದ್ದಳು. ಆ ಒಂದು ಸಾಲನ್ನು ಕಂಡರೆ ಅವಳಿಗೆ ಬಲು ಅಕ್ಕರೆ. ಬಂದವರಿಗೆಲ್ಲ ತೋರಿಸುತ್ತಿದ್ದಳು.

ಒಂದು ದಿನ ಒಬ್ಬ ಮುದುಕ ಅವಳನ್ನು ಹುಡುಕಿಕೊಂಡು ಬಂದ. ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಪ್ರಾಯದಲ್ಲಿ ಸೈಕಲ್ಲಿಗೆ ಧ್ವನಿಮುದ್ರಣದ ಯಂತ್ರ ಕಟ್ಟಿಕೊಂಡು ಊರೂರು ತಿರುಗಿ ಹಂತಿಯ ಪದಗಳನ್ನು ಕೂಡಿಹಾಕಿದ್ದ. ಕಣದಲ್ಲಿ ಎತ್ತು ಕಟ್ಟಿ ಕಾಳು ತುಳಿಸುವಾಗ, ಎತ್ತಿನ ಹಿಂದೆ ಸುತ್ತು ಹಾಕುತ್ತ ಹಾಡುವ ಪದಗಳು ಅವು. ರಾಶಿ ಮಾಡುವ ಯಂತ್ರ ಬಂತು, ಕಣ ಹೋಯಿತು, ಹಾಡುತ್ತಿದ್ದವರೂ ಹೋದರು. ಅರವತ್ತನಾಲ್ಕು ಸುರುಳಿಗಳು ಮಾತ್ರ ಉಳಿದಿದ್ದವು.

ಆ ಸುರುಳಿಗಳಿಗೂ ಕಾಲ ಬಂದಿತ್ತು. ಒಮ್ಮೆ ಓಡಿಸಿದರೆ ಕಂದು ಬಣ್ಣದ ಪುಡಿ ಉದುರುತ್ತಿತ್ತು, ಪುಡಿಯ ಜೊತೆಗೆ ದನಿಯೂ ಉದುರುತ್ತಿತ್ತು. ಒಂದೊಂದು ಸುರುಳಿಗೆ ಇನ್ನು ಒಂದೇ ಒಂದು ಓಟದ ಆಯುಷ್ಯ. ಆ ಒಂದು ಓಟದಲ್ಲಿ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ದೊಡ್ಡ ಟೇಪಿಗೆ ಸೇರಿಸಬೇಕು. ಊರಿನ ಧ್ವನಿಭಂಡಾರದಲ್ಲಿ ಇದ್ದ ಕಂಪ್ಯೂಟರಿನ ಡಿಸ್ಕ್ ಹಳೆಯದು, ಸಣ್ಣದು. ಒಂದು ಸುರುಳಿಯ ಹಾಡು ಹಿಡಿದರೆ ಹೊಟ್ಟೆ ತುಂಬುತ್ತಿತ್ತು. ಅದನ್ನು ಟೇಪಿಗೆ ದಾಟಿಸಿ, ಡಿಸ್ಕ್ ಖಾಲಿ ಮಾಡಿಕೊಂಡು, ಮುಂದಿನ ಸುರುಳಿ ಹಾಕಬೇಕು. ಅರವತ್ತನಾಲ್ಕೂ ಮುಗಿದ ಮೇಲೆ ಟೇಪಿನ ಎರಡನೆಯ ಪ್ರತಿ ಮಾಡುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಇದ್ದದ್ದು ಅದೊಂದೇ ಟೇಪು.

“ನಿನ್ನ ಡ್ರೈವರ್ ನಿಲ್ಲೂದ ಇಲ್ಲಂತಲ್ಲವ್ವಾ,” ಎಂದ ಮುದುಕ. “ಅದರ ಹೆಸರು ಕೇಳೇ ಬಂದೀನಿ. ನನಗೂ ವಯಸ್ಸಾತು, ಸುರುಳಿಗೂ ವಯಸ್ಸಾತು. ನಡುವ ನಿಂತಗಿಂತ್ರ ಆಗೂದಿಲ್ಲ.”

“ಚಿಂತಿ ಬಿಡ್ರಿ ಅಜ್ಜಾರ,” ಎಂದಳು ಆಕೆ. ಆ ಹೊತ್ತಿಗೆ ಜಂಬದಿಂದ ಅವಳ ತಲೆ ಸೂರಿಗೆ ತಾಗುತ್ತಿತ್ತು.

ಸುರುಳಿಗೆ ಕೈ ಹಾಕುವ ಮೊದಲು ಯಂತ್ರವನ್ನು ಒಂದು ವಾರ ಪರೀಕ್ಷೆಗೆ ಓಡಿಸಬೇಕು. ಅವಳದು ಒಂದು ಸ್ವಂತ ರೀತಿ. ತಾನೇ ಕೂತು ಒಂದರಿಂದ ಸಾವಿರದವರೆಗೆ ಗಟ್ಟಿಯಾಗಿ ಎಣಿಸಿ ಮುದ್ರಿಸಿಕೊಳ್ಳುವಳು. ಒಂದೊಂದು ಅಂಕಿ ಟೇಪಿನ ಮೇಲೆ ಒಂದೊಂದು ತುಂಡಾಗಿ ಕೂರುವುದು. ಆಮೇಲೆ ಕೇಳಿದರೆ ಎಲ್ಲಿ ತಪ್ಪಿತು ಎಂದು ಕಿವಿಗೇ ತಿಳಿಯುತ್ತದೆ. ಹಿಂದಿನ ಪರೀಕ್ಷೆಗಳಲ್ಲೆಲ್ಲ ಟೇಪಿನ ಬಾಲ ಮಾತ್ರ ಕೇಳಿ, ಸಾವಿರ ಎಂದು ಕೇಳಿಸಿದರೆ ಎದ್ದು ಬಿಡುತ್ತಿದ್ದಳು. ಅಷ್ಟು ನಂಬಿಕೆ.

ಈ ಸಲ ಮುದುಕನೂ ಕೇಳಲಿ ಎಂದು ಮೊದಲಿನಿಂದ ಹಾಕಿ ನೋಡಬೇಕೆನ್ನಿಸಿತು. ಅವನು ಬರುವ ಮೊದಲೇ ಒಮ್ಮೆ ತಾನು ಕೇಳಿಬಿಡೋಣ ಎಂದು ಟೇಪನ್ನು ತಲೆಗೆ ತಂದು ಗುಂಡಿ ಒತ್ತಿದಳು. ಒಂದು ಎಂದು ಕೇಳಿಸಬೇಕಾಗಿತ್ತು. ಅವಳದೇ ದನಿ, ತುಂಬು ಗತ್ತಿನಿಂದ, ಆರುನೂರಾ ಹನ್ನೆರಡು ಎಂದಿತು. ಮುಂದೆ ಆರುನೂರಾ ಹದಿಮೂರು. ಹಾಗೇ ಸಾವಿರದವರೆಗೆ ಹೋಗಿ ನಿಂತಿತು. ಅದರಾಚೆ ಏನೂ ಇಲ್ಲ.

ಏನಾಯಿತೆಂದು ಅವಳಿಗೆ ಕೂತಲ್ಲೇ ಹೊಳೆಯಿತು. ಆರುನೂರಾ ಹನ್ನೊಂದರ ಹೊತ್ತಿಗೆ ಹಳೆಯ ಡಿಸ್ಕ್ ಎಲ್ಲೋ ಕಚ್ಚಿಕೊಂಡು ಕೂತಿದೆ. ಡಿಸ್ಕಿನ ಡ್ರೈವರ್ ಕಾದು ಕಾದು ಬೇಸತ್ತು ಬಸ್ಸಿಗೆ ರೀಸೆಟ್ ಕೂಗಿದೆ. ಡಿಸ್ಕ್ ಎದ್ದಿತು, ಸರಿ. ಆದರೆ ಅದೇ ದಾರಿಯಲ್ಲಿದ್ದ ಟೇಪು ಯಂತ್ರವೂ ಎಲ್ಲವನ್ನೂ ಮರೆತು, ಟೇಪನ್ನು ಸುತ್ತಿ ಸುತ್ತಿ ತಲೆಗೆ ತಂದು ಕೂತಿದೆ. ಮುಂದಿನ ಆಜ್ಞೆ ಬಂದಾಗ, ನನಗೆ ರೀಸೆಟ್ ಆಗಿದೆ ಎಂದು ಪದ್ಧತಿಯ ಪ್ರಕಾರ ಹೇಳಿದೆ. ಅವಳ ಪ್ರೀತಿಯ ಸಾಲು ಆ ಮಾತನ್ನು ನುಂಗಿ, ಬರೆ ಎಂದು ಇನ್ನೊಮ್ಮೆ ಹೇಳಿದೆ. ಯಂತ್ರ ಬರೆದಿದೆ, ಟೇಪಿನ ತಲೆಯ ಮೇಲೆ, ಒಂದು ಎಂಬ ಅಂಕಿಯ ಮೇಲೆಯೇ. ಟೇಪಿನಲ್ಲಿ ಹಾಗೆ ನಡುವೆ ಬರೆದರೆ ಯಂತ್ರದ ಪಾಲಿಗೆ ಅಲ್ಲಿಂದ ಮುಂದಿನ ಹಳೆಯದೆಲ್ಲ ಇಲ್ಲದಂತೆಯೇ.

ಆ ಟೇಪಿನಲ್ಲಿ ಸುರುಳಿಗಳಿದ್ದಿದ್ದರೆ? ಅದಕ್ಕಿಂತ ದೊಡ್ಡ ಏಟು ಹಿಂದಿನಿಂದ ಬಂತು. ಹನ್ನೊಂದು ವರ್ಷ ಒಬ್ಬರೂ ದೂರು ಹೇಳಿರಲಿಲ್ಲ, ನಿಜ. ಹನ್ನೊಂದು ವರ್ಷದಲ್ಲಿ ಟೇಪನ್ನು ತಲೆಯಿಂದ ಕೇಳಿ ನೋಡಿದವರಾದರೂ ಎಷ್ಟು ಜನ? ತಾನೇ ನೋಡಿರಲಿಲ್ಲವಲ್ಲ.

ಬೇರೆ ಯಾರಾದರೂ ಆಗಿದ್ದರೆ ಸಾಲನ್ನು ಸದ್ದಿಲ್ಲದೆ ಅಳಿಸಿ, ಮುಖ ತೊಳೆದುಕೊಂಡು ಬಂದು, ಏನೂ ಆಗದವರಂತೆ ಕೂರುತ್ತಿದ್ದರು. ಆಕೆ ಹಾಗೆ ಮಾಡಲಿಲ್ಲ. ಇದನ್ನು ಹೇಳುವಾಗ ನನಗೇ ಎದೆ ಉಬ್ಬುತ್ತದೆ. ತನ್ನ ಡ್ರೈವರ್ ಓಡುತ್ತಿದ್ದ ಎಲ್ಲ ಊರಿಗೂ ತನ್ನ ಕೈಯಾರೆ ಕಾಗದ ಬರೆದಳು. “ನನ್ನ ಡ್ರೈವರ್‌ನಲ್ಲಿ ತಪ್ಪಿದೆ. ಅದು ರೀಸೆಟ್ಟನ್ನು ಮುಚ್ಚಿಟ್ಟಿದೆ. ನಿಮ್ಮ ಟೇಪುಗಳನ್ನು ಮೊದಲಿನಿಂದ ಹಾಕಿ ನೋಡಿ,” ಎಂದು ಬರೆದು ಕೆಳಗೆ ಪೂರ್ತಿ ಹೆಸರು ಹಾಕಿದಳು. ಒಂಬತ್ತು ಕಾಗದ. ಎಂಟು ಊರಿನಿಂದ ಎಲ್ಲ ಸರಿ ಇದೆ ಎಂದು ಉತ್ತರ ಬಂತು. ಒಂದು ಊರಿನಲ್ಲಿ ಮಾತ್ರ ಹಿಂದಿನ ವರ್ಷಗಳ ಮಳೆಯ ಅಳತೆಯ ತಲೆಯ ಮೇಲೆ ಇತ್ತೀಚಿನ ವರ್ಷ ಕೂತಿತ್ತು. ಪುಣ್ಯಕ್ಕೆ ಅವರ ಬಳಿ ಅಳತೆಯ ಪುಸ್ತಕಗಳು ಉಳಿದಿದ್ದವು. ಆ ಕಾಗದ ಓದಿ ಆಕೆ ಮೇಜಿನ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಅತ್ತಳು.

ಅತ್ತಳೆಂದರೆ ಬಗ್ಗಿದಳು ಎಂದಲ್ಲ. ಮರುದಿನವೇ ಹೊಸ ಡ್ರೈವರಿಗೆ ಕೂತಳು. ಸೋತದ್ದೇ ಅವಳಿಗೆ ಇನ್ನಷ್ಟು ಹಟ ತಂದಿತ್ತು. ಈ ಸಲ ಎಷ್ಟು ತುಂಡು ಬರೆದಿದೆ ಎಂದು ಡ್ರೈವರೇ ಎಣಿಸಿ ನೆನಪಿಟ್ಟುಕೊಳ್ಳುತ್ತದೆ. ರೀಸೆಟ್ ಆಯಿತೆನ್ನಿ. ಟೇಪು ತಲೆಗೆ ಬಂದು ಕೂತರೆ ಕೂರಲಿ. ಡ್ರೈವರ್ ತನ್ನ ಎಣಿಕೆ ನೋಡಿ ಅಷ್ಟು ತುಂಡು ಮುಂದಕ್ಕೆ ಓಡಿಸಿ, ಬಿಟ್ಟಲ್ಲಿಂದ ಬರೆಯುತ್ತದೆ. ಯಾರಿಗೂ ತಿಳಿಯುವುದಿಲ್ಲ, ಯಾವುದೂ ಹಾಳಾಗುವುದಿಲ್ಲ. ಬರೆದು ಮುಗಿಸಿದಾಗ ಇಂಥ ಡ್ರೈವರ್ ಬರೆಯುವವರು ಇನ್ನೊಬ್ಬರಿಲ್ಲ ಎಂದು ಅನ್ನಿಸಿತು. ಅದರಲ್ಲಿ ಸುಳ್ಳೂ ಇರಲಿಲ್ಲ.

ತಾನೇ ಐವತ್ತು ಸಲ ಬೇಕೆಂದೇ ರೀಸೆಟ್ ಕೊಟ್ಟಳು. ಐವತ್ತು ಸಲವೂ ಟೇಪನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದಳು. ಈಗ ಬಾಲ ಕೇಳಿ ಏಳುವ ಕಾಲ ಹೋಗಿತ್ತು. ನಲವತ್ತೊಂಬತ್ತು ಸಲ ಅಂಕಿಗಳು ಮಣಿ ಪೋಣಿಸಿದಂತೆ ಬಂದವು. ಒಂದು ಸಲ ಮಾತ್ರ ಇನ್ನೂರಾ ಮೂರು ಎಂದ ಮೇಲೆ ಇನ್ನೂರಾ ಐದು ಎಂದಿತು. ಇನ್ನೂರಾ ನಾಲ್ಕು ಎಲ್ಲಿ ಹೋಯಿತು?

ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಟೇಪು ಯಂತ್ರ ಒಂದು ತುಂಡನ್ನು ತನ್ನ ಕೈಗೆ ತೆಗೆದುಕೊಂಡ ಕೂಡಲೇ ಆಯಿತು ಎಂದು ಹೇಳಿಬಿಡುತ್ತದೆ. ಟೇಪಿನ ಮೇಲೆ ಇಳಿಸುವುದು ಅದರ ನಂತರ. ಇನ್ನೂರಾ ನಾಲ್ಕು ಯಂತ್ರದ ಕೈಯಲ್ಲಿದ್ದಾಗಲೇ ರೀಸೆಟ್ ಬಿದ್ದಿತ್ತು. ಕೈಯಲ್ಲಿದ್ದದ್ದು ಅಲ್ಲೇ ಹೋಯಿತು. ಡ್ರೈವರಿನ ಎಣಿಕೆಯಲ್ಲಿ ಅದು ಬರೆದಾಗಿತ್ತು, ಟೇಪಿನ ಮೇಲೆ ಇರಲಿಲ್ಲ. ರೀಸೆಟ್ ಆದ ಗಳಿಗೆಯಲ್ಲಿ ಯಾವ ತುಂಡು ಇಳಿದಿದೆ, ಯಾವುದು ಇಳಿದಿಲ್ಲ ಎಂದು ಡ್ರೈವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಎಷ್ಟೇ ಜಾಣತನದಿಂದ ಬರೆದರೂ ತಿಳಿಯದ್ದು ತಿಳಿಯದ್ದೇ.

ಐವತ್ತಕ್ಕೆ ಒಂದು ತುಂಡು. ಮುದುಕನ ಹಾಡಿನಲ್ಲಿ ಒಂದು ಉಸಿರಿನಷ್ಟು. ಯಾರಿಗೆ ತಿಳಿಯುತ್ತಿತ್ತು? ಅವಳಿಗೆ ತಿಳಿಯುತ್ತಿತ್ತು. ಅವಳು ಜಂಬದವಳು ನೋಡಿ, ತನ್ನ ಕಣ್ಣಿಗೆ ತಾನು ಸಣ್ಣವಳಾಗುವುದು ಅವಳಿಂದ ಆಗದ ಮಾತು.

ಮೂರನೆಯ ಸಲ ಕೂತಾಗ ಜಾಣತನವನ್ನೆಲ್ಲ ಕಿತ್ತು ಹಾಕಿದಳು. ಟೇಪು ಯಂತ್ರ ನನಗೆ ರೀಸೆಟ್ ಆಗಿದೆ ಎಂದರೆ ಡ್ರೈವರ್ ಅದನ್ನು ನುಂಗುವುದಿಲ್ಲ. ಬರೆಯುವುದನ್ನು ನಿಲ್ಲಿಸುತ್ತದೆ. ಟೇಪು ಈಗ ಎಲ್ಲಿದೆಯೋ ನನಗೆ ತಿಳಿಯದು ಎಂದು ಮೇಲಕ್ಕೆ ಹೇಳುತ್ತದೆ, ದಾಖಲೆಯಲ್ಲಿ ದಿನ, ಹೊತ್ತು ಬರೆದಿಡುತ್ತದೆ. ಗೊತ್ತಿದ್ದವರು ಬಂದು ಜಾಗ ತೋರಿಸುವವರೆಗೆ, ಬರೆ ಎಂದು ಯಾರು ಎಷ್ಟು ಹೇಳಿದರೂ ಬರೆಯುವುದಿಲ್ಲ. ನನಗೆ ತಿಳಿಯದು ಎಂಬ ಆ ಒಂದು ಸಾಲು ಬರೆಯಲು ಅವಳಿಗೆ ಒಂದು ಇಡೀ ದಿನ ಹಿಡಿಯಿತು. ಬೆರಳಿಗೆ ಅಭ್ಯಾಸವಿರಲಿಲ್ಲ.

ಧ್ವನಿಭಂಡಾರದಲ್ಲಿ ಕೆಲಸ ಶುರುವಾಯಿತು. ಹಳೆಯ ಡಿಸ್ಕ್ ತನ್ನ ಚಾಳಿ ಬಿಡಲಿಲ್ಲ, ಡಿಸ್ಕಿನ ಡ್ರೈವರ್ ತನ್ನ ಚಾಳಿ ಬಿಡಲಿಲ್ಲ. ಹದಿನೈದು ದಿನದಲ್ಲಿ ಟೇಪು ಮೂರು ಸಲ ನಿಂತಿತು. ಮೊದಲೆರಡು ಸಲ ಅವಳೇ ಸುದ್ದಿ ತಿಳಿದು ಹೋಗಿ ಜಾಗ ಹುಡುಕಿಕೊಟ್ಟಳು. ಅಷ್ಟರಲ್ಲಿ ಇಪ್ಪತ್ತೆರಡು ಸುರುಳಿ ಟೇಪಿಗೆ ಸೇರಿದ್ದವು. ಮೂರನೆಯ ಸಲ ನಿಂತಾಗ ಮುದುಕ ಕೋಲು ಊರಿಕೊಂಡು ನೇರ ಕಾರ್ಖಾನೆಗೆ ಬಂದ. ಹನ್ನೊಂದು ವರ್ಷದಲ್ಲಿ ಅವಳ ಬಾಗಿಲಿಗೆ ಬಂದ ಮೊದಲ ದೂರು ಅದು. ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು.

“ಯವ್ವಾ, ನನಗ ಈ ಹೊಸಾದು ಬ್ಯಾಡ,” ಎಂದ ಮುದುಕ. “ಮಾತ್ಮಾತಿಗೆ ನಿಂತು, ನನಗ ಗೊತ್ತಿಲ್ಲ, ನನಗ ಗೊತ್ತಿಲ್ಲ ಅಂತೈತಿ. ನಾಚಿಗಿ ಬರೂದಿಲ್ಲೇನು ಇದಕ್ಕ? ನಿನ್ನ ಹಳೇದು ನಿಲ್ತಿದ್ದಿಲ್ಲಲ್ಲ, ಅದನ್ನ ಹಾಕಿ ಕೊಡು.”

ಸುತ್ತ ನಿಂತವರಿಗೆ ಅವಳ ಹಳೆಯ ಡ್ರೈವರ್ ಎಂದರೆ ಏನೆಂದು ಗೊತ್ತಿತ್ತು. ಅದನ್ನೇ ನೋಡಿ ಅವರು ಕಸುಬು ಕಲಿತದ್ದು. ಹಾಕಿಕೊಟ್ಟರೆ ಮುದುಕ ಹರಸಿಕೊಂಡು ಹೋಗುತ್ತಾನೆ, ಅವಳ ಹೆಸರು ಇದ್ದಲ್ಲೇ ಇರುತ್ತದೆ. ಅವಳು ಮೇಜಿನ ಖಾನೆಯಿಂದ ಪರೀಕ್ಷೆಯ ಹಳೆಯ ಟೇಪನ್ನು ತೆಗೆದು, ಇದರಲ್ಲಿ ಒಂದರಿಂದ ಸಾವಿರದವರೆಗೆ ಎಣಿಸಿದ್ದೆ ಎಂದು ಹೇಳಿ, ಎಲ್ಲರೆದುರಿಗೇ ಯಂತ್ರಕ್ಕೆ ಹಾಕಿ, ತಲೆಯಿಂದ ಓಡಿಸಿದಳು. ಆರುನೂರಾ ಹನ್ನೆರಡು ಎಂದು ಅವಳ ದನಿ ಕೇಳಿಸಿತು.

“ಒಂದರಿಂದ ಎಣಿಸಿದ್ದೆ ಅಂದಿದ್ದೆಲ್ಲಾ?” ಎಂದ ಮುದುಕ. “ಒಂದು ಎಲ್ಲೆ ಹೋತು?”

“ನನ್ನ ಹಳೇ ಡ್ರೈವರ್ ನುಂಗೇತ್ರಿ ಅಜ್ಜಾರ. ಒಂದರಿಂದ ಆರುನೂರಾ ಹನ್ನೊಂದರತನಕ ನುಂಗಿ, ಬಾಯಿ ಒರಸ್ಕೊಂಡು ಕುಂತಿತ್ತು. ನಿಮ್ಮ ಮೊದಲನೇ ಸುರುಳಿಯೊಳಗ ಹಾಡಿದವರು ಯಾರ್ರಿ?”

“ಫಕೀರಪ್ಪ,” ಎಂದ ಮುದುಕ. “ನಮ್ಮ ಸ್ವಾದರಮಾವ. ನನಗ ಪದಾ ಕಲಿಸಿದಾಂವ.”

“ಹಳೇದು ಹಾಕಿದ್ರ ಈ ಹದಿನೈದು ದಿನದಾಗ ಮೂರು ಸಲ ಫಕೀರಪ್ಪಜ್ಜಾರ ಮ್ಯಾಲೆ ಬರೀತಿತ್ರಿ. ನಿಮಗೂ ಗೊತ್ತಾಗ್ತಿರಲಿಲ್ಲ, ನನಗೂ ಗೊತ್ತಾಗ್ತಿರಲಿಲ್ಲ. ಹಾಕಲ್ರಿ?”

ಮುದುಕ ಕೋಲನ್ನು ಬಾಗಿಲ ಕಡೆಗೆ ತಿರುಗಿಸಿದ. “ನಿಂತರ ನಿಲ್ಲಲಿ,” ಎಂದ. “ನಡೀ, ಜಾಗ ತೋರಸೂಣು.”

ಇಬ್ಬರೂ ಭಂಡಾರಕ್ಕೆ ಹೋದರು. ಆಕೆ ಟೇಪಿನಲ್ಲಿ ಕೊನೆಗೆ ಬರೆದಿದ್ದ ಹಾಡಿನ ಬಾಲವನ್ನು ಕೇಳಿಸಿದಳು. ಅವಳ ಕಿವಿಗೆ ಅದು ಮುಗಿದ ಹಾಡಿನಂತೆಯೇ ಇತ್ತು. ಮೊದಲೆರಡು ಸಲ ಅವಳು ಗಂಟೆಗಟ್ಟಲೆ ಕೂತು ಡಿಸ್ಕಿನಲ್ಲಿದ್ದುದರ ಜೊತೆ ತಾಳೆ ನೋಡಿ ಜಾಗ ಹುಡುಕಿದ್ದಳು. ಮುದುಕ ಕಣ್ಣು ಮುಚ್ಚಿ ಒಮ್ಮೆ ಕೇಳಿದ.

“ಇದು ಮುಗದಿಲ್ಲ,” ಎಂದ. “ಸೊಲ್ಲಾಪೂರದ ಎತ್ತು ಅಂದ ಮ್ಯಾಲೆ ಹಿಂದಿನವರು ಎತ್ತಿ ಹಾಡಬೇಕು. ಅದು ಬಂದಿಲ್ಲ. ಆ ಸೊಲ್ಲು ಮತ್ತ ಮೊದಲಿಂದ ಹಾಕು.”

ಸುರುಳಿ ಪುಡಿಯಾಗಿತ್ತು. ಆದರೆ ಆ ಸೊಲ್ಲು ಡಿಸ್ಕಿನ ಮೇಲೆ ಇನ್ನೂ ಇತ್ತು. ಡ್ರೈವರ್ ನಿಂತದ್ದರಿಂದ ಯಾರೂ ಅದನ್ನು ಅಳಿಸಿರಲಿಲ್ಲ. ಅವನು ಹೇಳಿದ ಜಾಗಕ್ಕೆ ಟೇಪನ್ನು ತಂದು ಅಲ್ಲಿಂದ ಮತ್ತೆ ಬರೆಸಿದಳು. ಹಾಕಿ ಕೇಳಿದಾಗ ಸೊಲ್ಲಾಪೂರದ ಎತ್ತಿನ ಬೆನ್ನಿಗೇ ಹತ್ತು ಗಂಟಲು ಒಟ್ಟಿಗೆ ಎತ್ತಿ ಹಾಡಿದವು. ಮುದುಕ ತೊಡೆಯ ಮೇಲೆ ತಾಳ ಹಾಕಿದ. ಅವಳಿಗೆ ಆ ಹೊತ್ತಿನಲ್ಲಿ ಆದ ಹೆಮ್ಮೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ತನ್ನ ಡ್ರೈವರಿಗೆ ಗೊತ್ತಿರಲಿಲ್ಲ, ತನಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಬರುವ ತನಕ ಅದು ಕಾದು ನಿಂತಿತ್ತು.

ಅಲ್ಲಿಂದ ಮುಂದೆ ಇನ್ನೂ ನಾಲ್ಕು ಸಲ ನಿಂತಿತು. ಮುದುಕ ಒಮ್ಮೆಯೂ ದೂರಲಿಲ್ಲ. ನಿಂತಿತೆಂದು ಸುದ್ದಿ ಬಂದರೆ ಸಾಕು, ಹೊಸ ಧೋತರ ಉಟ್ಟುಕೊಂಡು ಮದುವೆಗೆ ಹೊರಟವನಂತೆ ಹೊರಟು ಬರುತ್ತಿದ್ದ. ಅರವತ್ತನಾಲ್ಕನೆಯ ಸುರುಳಿಯೂ ಮುಗಿಯಿತು. ಎರಡನೆಯ ಪ್ರತಿ ತೆಗೆಯುವ ದಿನ ಆಕೆ ಟೇಪನ್ನು ತಲೆಗೆ ತಂದಳು. ಗುಂಡಿ ಒತ್ತಿದಳು. ಮೊದಲು ಕೇಳಿಸಿದ್ದು ಯಾರೋ ಕೆಮ್ಮಿದ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡು ಒಂದು ಭಾರಿ ದನಿ ಎದ್ದು ಬಂತು.

“ನಮ್ಮ ಮಾವ,” ಎಂದ ಮುದುಕ. ಅವನ ಕಣ್ಣು ತುಂಬಿ ಬಂದಿತ್ತು. “ಹಾಡೂಕಿಂತ ಮೊದಲ ಹಿಂಗ ಕೆಮ್ಮಾಂವ.”

ಆಕೆಯ ಜಂಬ ಅಲ್ಲಿಗೆ ಇಳಿಯಿತು ಎಂದು ತಿಳಿದೀಯ. ಎಲ್ಲಿಯ ಮಾತು! ದಾಖಲೆಯಲ್ಲಿದ್ದ ಆ ಏಳು ಸಾಲುಗಳನ್ನು, ನನಗೆ ತಿಳಿಯದು ಎಂದು ಏಳು ಸಲ ಬರೆದಿದ್ದ ಹಾಳೆಯನ್ನು, ಅಂದವಾಗಿ ಕಾಗದಕ್ಕೆ ಇಳಿಸಿ, ಕಟ್ಟು ಹಾಕಿಸಿ, ಕಿಟಕಿಯ ಪಕ್ಕ ತೂಗು ಹಾಕಿದಳು. ಕೆಲಸ ಕೊಡಲು ಬಂದವರು, ನಿಮ್ಮ ಡ್ರೈವರ್ ನಿಲ್ಲುವುದಿಲ್ಲವಲ್ಲ ಎಂದು ಕೇಳಿದರೆ, ನಿಲ್ಲುತ್ತದೆ ಎಂದು ತಲೆ ಎತ್ತಿ ಹೇಳುತ್ತಿದ್ದಳು. ಕೆಲವರು ಎದ್ದು ಹೋಗುತ್ತಿದ್ದರು. ಹೋಗುವವರನ್ನು ಅವಳು ಕರೆಯಲಿಲ್ಲ. ಉಳಿದವರ ಟೇಪು ಯಾವುದೂ ಮುಂದೆ ಹಾಳಾಗಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಪಂಚಾಕ್ಷರಿ ಕತೆಯ ನಡುವೆಯೇ ಎಲ್ಲೋ ಕೂತಲ್ಲಿಂದ ಮುಂದಕ್ಕೆ ಜರುಗಿದ್ದ. ಶಾಭಾಸ್‌ಗಿರಿಯ ಆಸೆ ಈಗಲೂ ಪೂರ್ತಿ ಹೋಗಿರಲಿಲ್ಲ.

“ಆದ್ರ ಸರ,” ಎಂದ, “ಆಕೀದು ಏಳು ಸಲ ನಿಂತತಿ. ನಂದು ನಾಲ್ಕು ಊರಾಗ ಎರಡು ವರ್ಷದಿಂದ ಒಮ್ಮೆನೂ ನಿಂತಿಲ್ಲಲ್ರಿ.”

ಮಾಸ್ತರರು ಅವನ ಮುಖವನ್ನೇ ನೋಡಿ ಕೇಳಿದರು: “ಹೌದು ತಮ್ಮಾ, ಎಷ್ಟು ಸಲ ನಿಲ್ಲಬೇಕಾಗಿತ್ತು?”